ಹನ್ನೊಂದು ಸ್ಕ್ರೂ

ಅವಳು ಕುರ್ಚಿ ಹತ್ತಿ ಕಪಾಟಿನ ಮೇಲಿಂದ ದೊಡ್ಡ ತಟ್ಟೆಯನ್ನು ಇಳಿಸುತ್ತಿದ್ದಳು. ತಟ್ಟೆಯಲ್ಲಿ ಲ್ಯಾಪ್‌ಟಾಪ್ ಬೋರಲಾಗಿ ಮಲಗಿತ್ತು, ಬೆನ್ನಿನ ಮುಚ್ಚಳ ಬಿಚ್ಚಿಕೊಂಡು. ಅದಕ್ಕೆ ಹೊದಿಸಿದ್ದ ಬಟ್ಟೆಯ ಮೇಲೆ ತೆಳ್ಳಗೆ ಧೂಳು ಕೂತಿತ್ತು.

"ಬಿದ್ದೀಯ, ಹುಷಾರು," ಎಂದರು ಅತ್ತೆ ಅಡುಗೆಮನೆಯಿಂದ. ತಿರುಗಿ ನೋಡದೆಯೇ ಹೇಳಿದರು. ಈ ಮನೆಯಲ್ಲಿ ಕುರ್ಚಿ ಎಳೆದ ಸದ್ದಾದರೆ ಯಾರೋ ಎಲ್ಲಿಗೋ ಹತ್ತುತ್ತಿದ್ದಾರೆ ಎಂದೇ ಅರ್ಥ. ಮಗನನ್ನು ಬೆಳೆಸಿದ ಅವರ ಕಿವಿಗೆ ಅದು ಅಭ್ಯಾಸವಾಗಿತ್ತು.

ಕೊನೆಯ ನೆಂಟರು ಹಿಂದಿನ ಸಂಜೆ ಹೊರಟುಹೋಗಿದ್ದರು. ಹಾಸಿಗೆಗಳು ಸುತ್ತಿಕೊಂಡು ಮೂಲೆ ಸೇರಿದ್ದವು. ಬಾಗಿಲ ಬಳಿ ಚಪ್ಪಲಿ ಎರಡೇ ಜೊತೆ. ಬೆಳಗಿನಿಂದ ಯಾರೂ ಅವಳನ್ನು "ಏನಾದ್ರೂ ತಿಂದ್ಯಾ?" ಎಂದು ಕೇಳಿರಲಿಲ್ಲ. ಹೋಗುವಾಗ ಎಲ್ಲರೂ ಬೆನ್ನು ಸವರಿ, ಇನ್ನು ನಿಧಾನವಾಗಿ ಎಲ್ಲ ಮೊದಲಿನ ಹಾಗಾಗುತ್ತದೆ ಎಂದಿದ್ದರು. ಹಾಗಾದರೆ ಮಾಮೂಲಿ ದಿನ ಎನ್ನುವುದು ಇದೇ ಇರಬೇಕು, ಇವತ್ತಿನಿಂದಲೇ ಶುರುವಾಗಿರಬೇಕು.

ಶುರುವಾಗಿತ್ತು ಕೂಡ. ಎಂಟು ಗಂಟೆಗೇ ಪ್ರಕಾಶನದ ಸಂಪಾದಕರು ಫೋನ್ ಮಾಡಿದ್ದರು. ಪುಸ್ತಕಗಳ ಕೊನೆಯಲ್ಲಿ ಬರುವ ಪದಸೂಚಿ ಮಾಡುವುದು ಅವಳ ಕೆಲಸ. ಯಾವ ಪದ ಯಾವ ಪುಟದಲ್ಲಿದೆ ಎಂಬ ಉದ್ದನೆಯ ಪಟ್ಟಿ. "ಎಲ್ಲರೂ ಪುಸ್ತಕಾನ ಮುಂದಿನಿಂದ ಓದ್ತಾರೆ, ನನ್ನ ಹೆಂಡ್ತಿ ಹಿಂದಿನಿಂದ," ಎಂದು ಅವನು ಗೆಳೆಯರೆದುರು ಹೇಳಿಕೊಳ್ಳುತ್ತಿದ್ದ. ಈಗ ಕೈಯಲ್ಲಿದ್ದದ್ದು ಮಣ್ಣಿನ ಬಗ್ಗೆ ಆರುನೂರು ಪುಟದ ಪುಸ್ತಕ.

"ಅವಸರ ಏನಿಲ್ಲಮ್ಮ," ಎಂದಿದ್ದರು ಸಂಪಾದಕರು. ಆಮೇಲೆ ಗಂಟಲು ಸರಿಮಾಡಿಕೊಂಡು, "ತಿಂಗಳ ಕೊನೆಗೆ ಅಚ್ಚಿಗೆ ಹೋಗ್ಬೇಕು, ಅಷ್ಟೇ. ಕಷ್ಟ ಅನ್ನಿಸಿದ್ರೆ ಹೇಳು, ಇನ್ನೊಬ್ಬರ ಹತ್ರ ಮಾಡಿಸ್ತೀವಿ. ಬೇಜಾರಿಲ್ಲ," ಎಂದರು.

"ಮಾಡ್ತೀನಿ," ಎಂದಳು. ಹದಿನೈದು ದಿನಗಳಲ್ಲಿ ಅವಳಾಗಿ ಆಡಿದ ಮೊದಲ ಮಾತು ಅದೇ ಇರಬಹುದು. ಫೋನ್ ಇಟ್ಟ ಮೇಲೆ, ಆ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ ನಾಳೆ ಬೆಳಿಗ್ಗೆ ಎದ್ದು ತಾನು ಏನು ಮಾಡುವುದು ಎಂದು ಯೋಚಿಸಿದಳು. ಆಗಲೇ ಕುರ್ಚಿ ಎಳೆದದ್ದು.

ಲ್ಯಾಪ್‌ಟಾಪಿನ ಪರದೆಯ ಕೀಲು ಮುರಿದು ಎರಡು ತಿಂಗಳಾಗಿತ್ತು. ಗೋಡೆಗೆ ಒರಗಿಸಿಟ್ಟುಕೊಂಡೇ ಅವಳು ಕೆಲಸ ಮಾಡುತ್ತಿದ್ದಳು. ಅವನು ಲಿಫ್ಟ್ ರಿಪೇರಿ ಮಾಡುವವನು. ಹತ್ತು ಅಂತಸ್ತಿನ ಕಟ್ಟಡದ ಲಿಫ್ಟ್ ಗುಂಡಿಗೆ ಇಳಿಯುವ ಗಂಡ ಇದ್ದೂ ಗೋಡೆಗೆ ಒರಗಿಸುತ್ತೀಯಲ್ಲ ಎಂದು ಆ ಶುಕ್ರವಾರ ಹೊಸ ಕೀಲು ತಂದು ಕೂತಿದ್ದ. ಬಿಚ್ಚಿದ, ಹಾಕಿದ, ಪರದೆಯನ್ನು ಒಂದೇ ಬೆರಳಲ್ಲಿ ಎತ್ತಿ ತೋರಿಸಿದ. ತಳದ ರಬ್ಬರಿನ ಕಾಲೊಂದು ಉದುರಿತ್ತು. "ಅಂಟು ತರ್ತೀನಿ. ಹತ್ತು ನಿಮಿಷ. ಯಾರೂ ಮುಟ್ಟಬೇಡಿ," ಎಂದು ಹೊರಟ. ಬೀದಿಯ ತಿರುವಿನಲ್ಲಿ ಕುಸಿದ. ಹೃದಯ ಎಂದರು ಆಸ್ಪತ್ರೆಯಲ್ಲಿ. ಮೂವತ್ನಾಲ್ಕು ವರ್ಷ ಎಂದು ಅವಳು ಹೇಳಿದಳು, ಲೆಕ್ಕ ತಪ್ಪಾಗಿರಬೇಕು ಎಂಬಂತೆ.

ತಟ್ಟೆಯನ್ನು ಊಟದ ಮೇಜಿನ ಮೇಲಿಟ್ಟು ಬಟ್ಟೆ ಸರಿಸಿದಳು. ಒಳಗೆಲ್ಲ ಸ್ವಚ್ಛವಾಗಿತ್ತು. ಅವನು ಹಲ್ಲುಜ್ಜುವ ಹಳೆಯ ಬ್ರಷ್ ಹಿಡಿದು ಧೂಳು ತೆಗೆದಿದ್ದ. ಪಕ್ಕದಲ್ಲಿ ಸಣ್ಣ ಸ್ಕ್ರೂಡ್ರೈವರ್, ಹಿಡಿಗೆ ನೀಲಿ ಟೇಪ್ ಒತ್ತೊತ್ತಾಗಿ ಸುತ್ತಿದ್ದು. ಟೇಪಿನ ಮೇಲೆ ಬೆರಳೊತ್ತಿದ ಗುರುತಿತ್ತು. ಅವಳು ತನ್ನ ಬೆರಳನ್ನು ಆ ಗುರುತಿನ ಮೇಲಿಟ್ಟಳು. ಸರಿಹೊಂದಲಿಲ್ಲ, ಅವನದು ದಪ್ಪ ಬೆರಳು.

"ಸ್ಕ್ರೂ ಎಲ್ಲಿ ಅತ್ತೆ?"

ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು. ನಲವತ್ತು ವರ್ಷದಿಂದ ಬೀದಿಯವರ ಬಟ್ಟೆ ಹೊಲಿಯುತ್ತಿದ್ದವರು. ಕಿಟಕಿಯ ಪಕ್ಕದ ಹೊಲಿಗೆ ಮಷೀನಿನ ಡ್ರಾಯರಿನಿಂದ ಗುಂಡಿ ಡಬ್ಬಿ ತೆಗೆದು ಒಂದು ಖಾನೆ ತೋರಿಸಿದರು.

"ಮೇಜು ಬೇಕಾಗಿತ್ತಲ್ಲ ಜನಕ್ಕೆ, ಅದಕ್ಕೇ ಎತ್ತಿಟ್ಟೆ. ಒಂದು ಕಾಗದಕ್ಕೆ ಟೇಪ್ ಹಾಕಿ ಒಂದೊಂದೇ ಅಂಟಿಸಿಟ್ಟಿದ್ದ. ಯಾರಾದ್ರೂ ಕೈ ತಗುಲಿಸಿ ಕೆಡವಿದ್ರೆ ಅಂತ ಎಲ್ಲಾನೂ ಬಿಡಿಸಿ ಜೋಪಾನ ಮಾಡಿದೀನಿ. ಹನ್ನೊಂದು. ಎರಡು ಸಲ ಎಣಿಸಿದೀನಿ."

ಖಾನೆಯಲ್ಲಿ ಹನ್ನೊಂದು ಕಪ್ಪು ತಲೆಗಳು ಫಳಫಳ ಹೊಳೆಯುತ್ತಿದ್ದವು. ಒರೆಸಿ ಇಟ್ಟಿದ್ದರು. ಎಲ್ಲ ಒಂದೇ ತರ ಕಂಡವು.

ಅವಳು ಮುಚ್ಚಳ ಕೂರಿಸಿ ಒಂದೊಂದಾಗಿ ತಿರುಗಿಸಿದಳು. ಎಂಟರವರೆಗೂ ಸಲೀಸಾಗಿ ಹೋದವು. ಒಂಬತ್ತನೆಯದು ಅರ್ಧಕ್ಕೇ ಬಿಗಿಯಿತು. ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅಷ್ಟು ದಿನದಿಂದ ಯಾವುದಕ್ಕೂ ಬಲ ಹಾಕಿರದ ಮಣಿಕಟ್ಟು ಅದೊಂದಕ್ಕೆ ಬಲ ಹಾಕಿತು. ಒಳಗೆಲ್ಲೋ 'ಟಿಕ್' ಎಂದಿತು, ಉಗುರು ಮುರಿದ ಹಾಗೆ. ಉಳಿದೆರಡನ್ನೂ ಹಾಕಿ ತಿರುಗಿಸಿಟ್ಟು ಗುಂಡಿ ಒತ್ತಿದಳು. ಸಣ್ಣ ಬಿಳಿ ದೀಪ ಹೊತ್ತಿಕೊಂಡಿತು. ಆರಿತು. ಮತ್ತೆ ಹೊತ್ತಲಿಲ್ಲ.

ಬೀದಿಯ ತುದಿಯಲ್ಲಿ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಂಗಡಿ. ಅದರ ಒಡತಿಯನ್ನು ಊರೆಲ್ಲ ರಿಪೇರಿ ಅಕ್ಕ ಎಂದೇ ಕರೆಯುತ್ತಿತ್ತು. ಐವತ್ತು ದಾಟಿದ ಹೆಂಗಸು, ಹಣೆಯ ಮೇಲೆ ಸದಾ ಒಂದು ಭೂತಗನ್ನಡಿ. ಅವರಿಬ್ಬರನ್ನೂ ನೋಡಿದ್ದೇ ಅಕ್ಕ ಎದ್ದು, ಇದ್ದೊಂದು ಸ್ಟೂಲನ್ನು ಅತ್ತೆಗೆ ಕೊಟ್ಟರು. "ಇದು ಅವನ ಸ್ಟೂಲು. ಕೆಲಸ ಮುಗಿಸಿ ಬಂದು ಇಲ್ಲೇ ಕೂತ್ಕೊಂಡು ನನ್ನ ತಲೆ ತಿಂದು ಹೋಗ್ತಿದ್ದ," ಎಂದು ಬೇರೆ ಕಡೆ ನೋಡಿದರು.

ಲ್ಯಾಪ್‌ಟಾಪ್ ಬಿಚ್ಚಲು ಅಕ್ಕ ತೆಗೆದುಕೊಂಡ ಸ್ಕ್ರೂಡ್ರೈವರ್ ಸರಿಯಾಗಿ ಕೂರಲಿಲ್ಲ, ಜಾರಿತು. ಗೊಣಗುತ್ತ ಒತ್ತಿ ಹಿಡಿದು ತಿರುಗಿಸಿದರು. ಅವರ ಎದುರಿಗೆ ಮರದ ಒಂದು ದಿಮ್ಮಿ. ಅದರಲ್ಲಿ ತೂತು ಕೊರೆದು ಸ್ಕ್ರೂಡ್ರೈವರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಎಲ್ಲದರದೂ ಕಪ್ಪು ಹಿಡಿ, ಕತ್ತಿನಲ್ಲಿ ತೆಳ್ಳನೆಯ ಹಳದಿ ಉಂಗುರ. ನಾಲ್ಕನೆಯ ತೂತು ಖಾಲಿ ಇತ್ತು.

ಅವಳ ಕೈ ತಾನಾಗಿ ಹೆಗಲ ಚೀಲದ ಮೇಲೆ ಹೋಯಿತು. ಮನೆಯಿಂದ ಹೊರಡುವಾಗ ಅದರೊಳಗೆ ಹಾಕಿಕೊಂಡಿದ್ದ ನೀಲಿ ಹಿಡಿಯ ಸ್ಕ್ರೂಡ್ರೈವರಿನ ಕತ್ತಿನಲ್ಲೂ ಹಳದಿ ಉಂಗುರವಿತ್ತು. ಅವನ ಸಾಮಾನಿನ ಪೆಟ್ಟಿಗೆಯಲ್ಲಿದ್ದವೆಲ್ಲ ಗೇಣುದ್ದದವು. ಇದೊಂದನ್ನು ಅವನು ತನ್ನ ಲ್ಯಾಪ್‌ಟಾಪಿಗಾಗಿಯೇ ಕೊಂಡಿದ್ದಾನೆ ಎಂದೇ ಅವಳು ತಿಳಿದಿದ್ದಳು. ಚೀಲದ ಜಿಪ್ ಮುಚ್ಚಿಯೇ ಇತ್ತು. ಆದರೂ ಇನ್ನೊಮ್ಮೆ ಎಳೆದಳು.

ಅಕ್ಕ ಭೂತಗನ್ನಡಿ ಇಳಿಸಿ ಒಳಗೆ ನೋಡಿದರು. ತುಂಬ ಹೊತ್ತು ನೋಡಿದರು. "ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹೋಗಿದೆ," ಎಂದು ತಮ್ಮಷ್ಟಕ್ಕೇ ಎಂಬಂತೆ ಮೆಲ್ಲಗೆ ಹೇಳಿದರು. "ಬೋರ್ಡಿಗೆ ಚುಚ್ಚಿದೆ."

"ಏನಂತೆ?" ಎಂದರು ಅತ್ತೆ ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿ. "ನಾನು ಸ್ಕ್ರೂ ಕಿತ್ತಿಟ್ಟೆನಲ್ಲ, ಅದರಿಂದ ಏನಾದ್ರೂ ಆಯ್ತಾ? ಎಲ್ಲಾ ಅಂಗಿ ಗುಂಡಿ ಹಾಗೆ ಒಂದೇ ತರ ಇದ್ವಲ್ಲ. ಗುಂಡಿಗೆ ಉದ್ದ ಅನ್ನೋದು ಎಲ್ಲಿರತ್ತೆ?"

ಅಕ್ಕ ಇವಳ ಮುಖ ನೋಡಿದರು. ಇವಳು ತಲೆಯನ್ನು ಸ್ವಲ್ಪವೇ, ಒಂದು ಕೂದಲೆಳೆಯಷ್ಟು, ಅಡ್ಡ ಆಡಿಸಿದಳು.

"ಇಲ್ಲಮ್ಮ," ಎಂದರು ಅಕ್ಕ. "ವಯಸ್ಸಾಗಿತ್ತು ಅದಕ್ಕೆ. ಒಂಬತ್ತು ವರ್ಷ ಅಂದ್ರೆ ಲ್ಯಾಪ್‌ಟಾಪಿಗೆ ತೊಂಬತ್ತು. ಇವತ್ತಲ್ಲ ನಾಳೆ ಹೋಗೋದೇ. ಇದರೊಳಗಿನ ಫೈಲೆಲ್ಲ ಭದ್ರವಾಗಿದೆ, ತೆಗೆದುಕೊಡ್ತೀನಿ. ಹೊಸದು ತಗೊಂಡುಬಿಡಿ."

ಅತ್ತೆ ಹಿಂದಕ್ಕೆ ಒರಗಿದರು. ಸ್ಟೂಲಿಗೆ ಒರಗು ಇಲ್ಲದ್ದರಿಂದ ಗೋಡೆ ಸಿಕ್ಕಿತು.

"ಯಾವುದು ತಗೊಳ್ಳಲಿ?" ಎಂದಳು ಅವಳು. ಯಾವುದಾದರೂ ಒಂದು ಪ್ರಶ್ನೆ ಬೇಕಿತ್ತು. "ಗಟ್ಟಿಯಾಗಿರಬೇಕು. ದಿನಾ ಎಂಟು ಗಂಟೆ ಕೆಲಸ. ಬೇರೇನೂ ಬೇಡ."

ಅಕ್ಕ ಹಿಂದಿನ ಕಪಾಟನ್ನು ತೋರಿಸಿದರು. ಅಲ್ಲಿ ಇಪ್ಪತ್ತೋ ಮೂವತ್ತೋ ಸತ್ತ ಲ್ಯಾಪ್‌ಟಾಪುಗಳು ಪುಸ್ತಕಗಳ ಹಾಗೆ ನಿಂತಿದ್ದವು. "ಕೊಳ್ಳೋರು ಮೊದಲು ದೊಡ್ಡಂಗಡಿಗೆ ಹೋಗ್ತಾರೆ. ತಪ್ಪು. ಮೊದಲು ಇಲ್ಲಿಗೆ ಬರ್ಬೇಕು. ಹೇಗೆ ಓಡತ್ತೆ ಅಂತ ಅವರು ತೋರಿಸ್ತಾರೆ, ಹೇಗೆ ಸಾಯತ್ತೆ ಅಂತ—" ಎಂದವರು ನಾಲಿಗೆ ಕಚ್ಚಿಕೊಂಡರು.

"ಪರವಾಗಿಲ್ಲ, ಹೇಳಿ."

ಅಕ್ಕ ಒಂದೊಂದನ್ನೇ ಬೆರಳಿಂದ ತಟ್ಟುತ್ತ ಹೋದರು. "ಇದು ಕೀಲು ಪ್ಲಾಸ್ಟಿಕ್ಕಿಗೆ ಕಚ್ಚಿಸಿದ್ದು, ಒಂದೂವರೆ ವರ್ಷ. ಕೀಲು ಲೋಹಕ್ಕೆ ಸೇರಿರಬೇಕು, ನೋಡ್ಕೋ. ಇದು ಕಾಫಿ ಕುಡಿದದ್ದು. ಕೀಗಳ ಕೆಳಗೆ ನೀರು ಹರಿದುಹೋಗೋಕೆ ದಾರಿ ಇರತ್ತೆ ಕೆಲವಕ್ಕೆ, ಕೇಳು. ಈ ಮಹಾರಾಣಿ ನೋಡು, ಎಷ್ಟು ತೆಳ್ಳಗೆ! ಒಳಗೆಲ್ಲ ಅಂಟು ಹಾಕಿ ಮುಚ್ಚಿದಾರೆ. ಬ್ಯಾಟರಿ ಹೋದ್ರೆ ಇಡೀ ಮಹಾರಾಣಿಯೇ ಹೋದಳು. ತೆಳ್ಳಗಿರೋದರ ಮೋಹಕ್ಕೆ ಬೀಳ್ಬೇಡ. ಹಿಂದೆ ಬಿಚ್ಚಿ ತೋರಿಸಿ ಅನ್ನು. ಬಿಚ್ಚೋಕೆ ಬರಲ್ಲ ಅಂದ್ರೆ ಎದ್ದು ಬಾ."

"ಬಿಚ್ಚಿ ತೋರಿಸ್ತಾರಾ?"

"ತೋರಿಸಲ್ಲ. ಅಮ್ಮನ್ನ ಕರ್ಕೊಂಡು ಹೋಗು."

ಮರುದಿನ ದೊಡ್ಡಂಗಡಿಯಲ್ಲಿ ತಣ್ಣನೆಯ ಗಾಳಿ, ಬಿಳಿಯ ಮೇಜುಗಳು, ಮೇಜಿನ ತುಂಬ ಬಾಯಿ ತೆರೆದ ಲ್ಯಾಪ್‌ಟಾಪುಗಳು. ಕಡುನೀಲಿ ಕೋಟು ಹಾಕಿದ್ದ ಮಾರಾಟಗಾರ ಎರಡು ಬೆರಳಲ್ಲಿ ಒಂದನ್ನು ಎತ್ತಿ, "ಗರಿ ಇದ್ದ ಹಾಗಿದೆ ನೋಡಿ ಮೇಡಂ," ಎಂದ.

"ಗರಿ ಹಾರಿಹೋಗತ್ತೆ," ಎಂದರು ಅತ್ತೆ. "ಎಷ್ಟು ವರ್ಷ ಬಾಳಿಕೆ ಬರತ್ತೆ ಅದು ಹೇಳಪ್ಪ."

"ಮೂರ್ನಾಲ್ಕು ವರ್ಷಕ್ಕೆ ಏನೂ ಮೋಸ ಇಲ್ಲಮ್ಮ. ಅಷ್ಟರಲ್ಲಿ ಹೊಸ ಮಾಡೆಲ್ ಬಂದಿರತ್ತೆ, ನಿಮಗೇ ಬದಲಾಯಿಸೋಣ ಅನ್ಸತ್ತೆ."

"ನನ್ನ ಹೊಲಿಗೆ ಮಷೀನು ನಿನಗಿಂತ ಹತ್ತು ವರ್ಷ ದೊಡ್ಡದು. ಇನ್ನೂ ಬದಲಾಯಿಸೋಣ ಅನ್ಸಿಲ್ಲ."

ಮಾರಾಟಗಾರ ನಕ್ಕು ಅವಳ ಕಡೆ ತಿರುಗಿದ. "ನಿಮಗೆ ಎಷ್ಟು ವರ್ಷ ಬರಬೇಕು ಮೇಡಂ? ಅದು ಹೇಳಿದ್ರೆ ನಾನು ತೋರಿಸ್ತೀನಿ."

ಸುಲಭದ ಪ್ರಶ್ನೆಯೇ. ಆದರೆ ಐದು ಎನ್ನಲು ಹೋದರೆ ಐದು ವರ್ಷದ ಆಚೆ ಒಂದು ಬೆಳಗು ಕಾಣಿಸಬೇಕು. ಅಲ್ಲೊಂದು ಮೇಜು, ಮೇಜಿನೆದುರು ತಾನು. ಅಷ್ಟು ದೂರ ಅವಳ ಕಣ್ಣು ಹೋಗುತ್ತಿರಲಿಲ್ಲ. ತಿಂಗಳ ಕೊನೆಯವರೆಗೆ ಹೋಗುತ್ತಿತ್ತು.

"ನನಗಿಂತ ಹೆಚ್ಚು ಬರ್ಲಿ," ಎಂದುಬಿಟ್ಟರು ಅತ್ತೆ. "ನಾನು ಹೋದ ಮೇಲೂ ಇವಳ ಹತ್ರ ಇರ್ಬೇಕು. ಅಂಥದ್ದು ತೋರಿಸು."

ಹಿಂದಿನ ಸಾಲಿನಲ್ಲಿ ಯಾರೂ ನಿಲ್ಲದ ಕಡೆ ಒಂದು ದಪ್ಪನೆಯ ಕಪ್ಪು ಲ್ಯಾಪ್‌ಟಾಪ್ ಇತ್ತು. ಆಫೀಸಿನವರು ಡಜನ್‌ಗಟ್ಟಲೆ ಒಯ್ಯುವ ಮಾಲು ಎಂದ ಮಾರಾಟಗಾರ, ಅದರ ಪರವಾಗಿ ಕ್ಷಮೆ ಕೇಳುವವನಂತೆ. ಅತ್ತೆ ಅದರ ಅಂಚನ್ನು ಹೆಬ್ಬೆರಳಲ್ಲಿ ಸವರಿಕೊಂಡು ಹೋದರು, ಹೊಲಿಗೆ ಬಿಟ್ಟಿದೆಯೇ ಎಂದು ನೋಡುವ ಹಾಗೆ. ಪರದೆಯನ್ನು ಹಿಂದೆ ಮುಂದೆ ಆಡಿಸಿದರು. ಅದು ಬಿಟ್ಟಲ್ಲೇ ನಿಂತಿತು. ಅವಳು ಎರಡೂ ಕೈ ಕೀಗಳ ಮೇಲಿಟ್ಟಳು. ಆಳವಾಗಿ ಇಳಿದು ಮೆತ್ತಗೆ ಮೇಲೆ ಬರುವ ಕೀಗಳು. 'ಮಣ್ಣು, ಕಪ್ಪು' ಎಂದು ಟೈಪ್ ಮಾಡಿದಳು. ಮುಂದಿನ ಸಾಲಿನಲ್ಲಿ, 'ಮಣ್ಣು, ಕೆಂಪು'. ಬೆರಳುಗಳಿಗೆ ಇನ್ನೂ ನೆನಪಿತ್ತು.

"ಹಿಂದಿನ ಮುಚ್ಚಳ ತೆಗೆದು ತೋರಿಸಿ," ಎಂದಳು.

"ಅಯ್ಯೋ ಮೇಡಂ, ಹಾಗೆಲ್ಲ ತೆಗೆಯೋ ಹಾಗಿಲ್ಲ."

"ಒಳಗಿನ ಹೊಲಿಗೆ ನೋಡದೆ ಕೋಟು ತಗೊಳ್ತೀಯಾ ನೀನು?" ಎಂದರು ಅತ್ತೆ.

"ಈ ಕೋಟು ಅಂಗಡಿಯವರೇ ಕೊಟ್ಟಿದ್ದಮ್ಮ."

"ಅದಕ್ಕೇ ಎಡಭುಜ ಇಳಿದಿದೆ. ಮನೆಗೆ ತಗೊಂಡು ಬಾ, ಸರಿಮಾಡಿ ಕೊಡ್ತೀನಿ."

ಮಾರಾಟಗಾರ ತನ್ನ ಎಡಭುಜವನ್ನು ನೋಡಿಕೊಂಡ. ಆಮೇಲೆ ಮ್ಯಾನೇಜರ್ ಎತ್ತ ಇದ್ದಾರೆ ಎಂದು ನೋಡಿದ. "ಬೇಗ," ಎಂದ. "ಸ್ಕ್ರೂಡ್ರೈವರ್ ಇಲ್ಲ ನನ್ನ ಹತ್ರ."

ಅವಳ ಹತ್ತಿರ ಇತ್ತು. ಚೀಲದಿಂದ ತೆಗೆದು, ನೀಲಿ ಹಿಡಿಯನ್ನು ಬೆರಳ ನಡುವೆ ಹಿಡಿದು ಮೊದಲ ಸ್ಕ್ರೂ ತಿರುಗಿಸಿದಳು. ಅದು ಸಡಿಲಾಯಿತು, ಮೇಲೆದ್ದಿತು, ಆದರೆ ಹೊರಗೆ ಬರಲಿಲ್ಲ. ಎರಡನೆಯದೂ ಹಾಗೇ.

"ಇವು ಪೂರ್ತಿ ಕಳಚಲ್ಲ ಮೇಡಂ. ಮುಚ್ಚಳದಲ್ಲೇ ಸಿಕ್ಕಿಕೊಂಡಿರ್ತವೆ. ಕಳೆದುಹೋಗಬಾರದು, ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು ಅಂತ."

ಮುಚ್ಚಳ ಎದ್ದು ಬಂತು. ಅತ್ತೆ ಅದನ್ನು ಇಸಿದುಕೊಂಡು ತಲೆಕೆಳಗು ಮಾಡಿದರು. ಅಲ್ಲಾಡಿಸಿದರು. ಒಂದೂ ಉದುರಲಿಲ್ಲ. ಸ್ಕ್ರೂಗಳು ತಮ್ಮ ತಮ್ಮ ಜಾಗದಲ್ಲಿ ತೂಗಾಡುತ್ತಿದ್ದವು.

"ಇದಾದ್ರೆ ನನ್ನಂಥೋರು ಎತ್ತಿಡೋಕೆ ಆಗಲ್ಲ," ಎಂದರು ಅತ್ತೆ ಮೆಲ್ಲಗೆ.

ಅವಳು ತಲೆಯೆತ್ತಿದಳು. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು; ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಇದೇ ಕೊಡಿ," ಎಂದಳು ಅವಳು.

ಬಸ್ಸಿಗೆ ಕಾಯುವ ಬೆಂಚಿನ ಮೇಲೆ ಅತ್ತೆ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಬಳಸಿ ಕೂತಿದ್ದರು. ಎರಡು ಬಸ್ಸು ಬಂದು ಹೋದವು. ಆಮೇಲೆ ಅವರು ಕೈಚೀಲದಿಂದ ಅಳತೆ ಬರೆಯುವ ತಮ್ಮ ಹಳೆಯ ಪುಸ್ತಕ ತೆಗೆದರು. ಅದರ ನಡುವಿನಿಂದ ಮಡಿಸದ ಒಂದು ಕಾಗದ ಎಳೆದು ಕೊಟ್ಟರು.

"ಅವನ ಅಕ್ಷರ ಇತ್ತು ಅಂತ ಎತ್ತಿಟ್ಟಿದ್ದೆ. ಅವತ್ತು ಓದ್ಲಿಲ್ಲ. ನಿನ್ನೆ ರಿಪೇರಿ ಅಂಗಡಿಯಿಂದ ಬಂದ ಮೇಲೆ ಓದ್ದೆ."

ಪೆನ್ಸಿಲಿನಲ್ಲಿ ಲ್ಯಾಪ್‌ಟಾಪಿನ ಬೆನ್ನಿನ ಚಿತ್ರ. ಹನ್ನೊಂದು ಸಣ್ಣ ಸೊನ್ನೆ, ಸೊನ್ನೆಯ ಮೇಲೆಲ್ಲ ಟೇಪ್ ಕಿತ್ತ ಗುರುತು. ಮಧ್ಯದ ಒಂದು ಸೊನ್ನೆಗೆ ಬಾಣ ಎಳೆದು, 'ಇಲ್ಲಿ ಗಿಡ್ಡದು. ಉದ್ದದ್ದು ಹಾಕಿದರೆ ಬೋರ್ಡ್ ಢಮಾರ್!' ಎಂದು ಬರೆದಿದ್ದ. ಢಮಾರಿನ ಮುಂದೆ ನಗುವ ಒಂದು ಮುಖ.

"ಗಿಡ್ಡದು ಅಂತ ಅಷ್ಟು ದೊಡ್ಡದಾಗಿ ಬರೆದಿದಾನೆ," ಎಂದರು ಅತ್ತೆ. "ನಿಂಗೂ ಗೊತ್ತಿತ್ತು. ಆ ಅಕ್ಕನಿಗೂ ಗೊತ್ತಿತ್ತು. ಇಬ್ಬರೂ ಸೇರಿ ನನಗೆ ಮಂಕುಬೂದಿ ಎರಚಿದ್ರಿ."

"ತಿರುಗಿಸಿದ್ದು ನಾನು ಅತ್ತೆ. ಬಿಗಿಯಾಯ್ತು, ಆದ್ರೂ ಬಿಡ್ಲಿಲ್ಲ."

"ಎತ್ತಿಟ್ಟಿದ್ದು ನಾನು."

"ಬಿಚ್ಚಿ ಹೋಗಿದ್ದು ಅವನು."

ಅತ್ತೆ ಅವಳ ಮುಖ ನೋಡಿದರು. ಮೊದಲು ಅವರ ಗಲ್ಲ ನಡುಗಿತು, ಅಳುತ್ತಾರೆ ಅಂದುಕೊಂಡಳು. ಆದರೆ ಅತ್ತೆ ನಗುತ್ತಿದ್ದರು. "ಹೌದು ಕಣೇ. ಚಿಕ್ಕಂದಿನಿಂದ್ಲೂ ಹಾಗೇ. ಗಡಿಯಾರ, ರೇಡಿಯೋ, ನನ್ನ ಮಷೀನು. ಬಿಚ್ಚೋದು, ಬಂದೆ ಅಂತ ಓಡೋದು." ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವಳಿಗೂ ನಗು ಬಂತು. ತನ್ನ ನಗು ತನಗೇ ಯಾರದೋ ಮನೆಯಿಂದ ಕೇಳಿದ ಹಾಗಿತ್ತು.

ಕಾಗದದ ಕೆಳಗೆ ಅವನದೊಂದು ಪಟ್ಟಿಯೂ ಇತ್ತು. ಕೀಲು. ಧೂಳು. ಹಿಡಿಗೆ ಟೇಪ್. ಈ ಮೂರರ ಮುಂದೆ ಗೀಟು ಹಾಕಿದ್ದ. ಕಾಲಿಗೆ ಅಂಟು, ಇದರ ಮುಂದೆ ಏನೂ ಇಲ್ಲ. ಕೊನೆಯ ಸಾಲು: 'ಸ್ಕ್ರೂಡ್ರೈವರ್ ಅಕ್ಕನಿಗೆ ವಾಪಸ್.' ಅದರ ಮುಂದೂ ಏನೂ ಇಲ್ಲ.

ಮೂರನೆಯ ಬಸ್ಸು ಬಂತು. ಮನೆ ಹತ್ತಿರದ ನಿಲ್ದಾಣಕ್ಕಿಂತ ಒಂದು ಮೊದಲು, ಬೀದಿಯ ತುದಿ ಬಂದಾಗಲೇ ಅವಳು ಎದ್ದು ನಿಂತಳು. ಅತ್ತೆ ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಹಿಂದೆಯೇ ಇಳಿದರು.

ರಿಪೇರಿ ಅಕ್ಕ ಯಾರದೋ ಲ್ಯಾಪ್‌ಟಾಪಿನ ಮೇಲೆ ಬಾಗಿದ್ದರು. ಒಂದು ಸ್ಕ್ರೂ ಹಟ ಹಿಡಿದಿತ್ತು, ಸ್ಕ್ರೂಡ್ರೈವರ್ ಜಾರುತ್ತಿತ್ತು. ಅವಳು ಚೀಲದ ಜಿಪ್ ತೆಗೆದು ನೀಲಿ ಹಿಡಿಯದನ್ನು ಮೇಜಿನ ಮೇಲೆ ಇಟ್ಟಳು. ಇಟ್ಟ ಮೇಲೂ ಎರಡು ಬೆರಳು ಅದರ ಮೇಲೇ ಇದ್ದವು. ಆಮೇಲೆ ತೆಗೆದಳು.

"ನಿಮ್ಮದು," ಎಂದಳು. "ನಿನ್ನೆಯೇ ಗೊತ್ತಾಗಿತ್ತು. ಕೊಡೋಕೆ ಆಗ್ಲಿಲ್ಲ."

"ನಾನು ಕೇಳಿದ್ನಾ?" ಎಂದರು ಅಕ್ಕ. ಎತ್ತಿಕೊಂಡು ತಿರುಗಿಸಿ ನೋಡಿದರು. ಟೇಪಿನ ಅಂಚನ್ನು ಹೆಬ್ಬೆರಳಿಂದ ಸವರಿದರು. "ಇದರ ಹಿಡಿ ಸವೆದು ಕೈ ಜಾರ್ತಿತ್ತು. ಅವನಿಗೆ ನಾನು ಹೇಳೇ ಇರ್ಲಿಲ್ಲ."

"ಹಾಗೇ ವಾಪಸ್ ಕೊಡಲ್ಲ ಅವನು," ಎಂದರು ಅತ್ತೆ ಬಾಗಿಲಿನಿಂದ. "ಕೊಡೆ ಇಸ್ಕೊಂಡ್ರೆ ಕಡ್ಡಿ ಸರಿಮಾಡಿ ಕೊಡ್ತಾನೆ."

ಅಕ್ಕ ಅದನ್ನು ದಿಮ್ಮಿಯ ನಾಲ್ಕನೆಯ ತೂತಿನಲ್ಲಿ ನಿಲ್ಲಿಸಿದರು. ಕಪ್ಪು ಹಿಡಿಗಳ ಸಾಲಿನಲ್ಲಿ ಒಂದು ನೀಲಿ. ಆಮೇಲೆ ಅಕ್ಕ ಅದನ್ನೇ ಮತ್ತೆ ಎಳೆದುಕೊಂಡು, ಭೂತಗನ್ನಡಿ ಇಳಿಸಿ, ಹಟ ಹಿಡಿದಿದ್ದ ಸ್ಕ್ರೂವಿನ ಮೇಲೆ ಇಟ್ಟು ಒತ್ತಿದರು. ಕೈ ಜಾರಲಿಲ್ಲ. ಸ್ಕ್ರೂ ಒಮ್ಮೆ ಕಿರುಗುಟ್ಟಿ, ನಿಧಾನವಾಗಿ ತಿರುಗತೊಡಗಿತು.